ಸಗಣಿ ದುಂಬಿ ನಮ್ಮ ವೈರಿಯಲ್ಲ

ಬೆಂಗಳೂರಿನ ದೊಡ್ಡಗುಬ್ಬಿಯ ವಿಸ್ತಾರ್ ಆವರಣದಲ್ಲಿ ಸಿಕ್ಕ ಸಗಣಿ ದುಂಬಿಯೊಂದನ್ನು ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಹೊಸ ಪ್ರಭೇದವೆಂದು ವರ್ಣಿಸಿ, 'ಒನೈಟಿಸ್ ವಿಸ್ತಾರ' ಎಂದು ಹೆಸರಿಟ್ಟಿದ್ದಾರೆ. ಹೊಸದೆನ್ನಲು ಕಣ್ಣಂದಾಜು ಸಾಲದು. ಕಾಲು, ಎದೆಕವಚ, ಗಂಡಿನ ಜನನಾಂಗ ಇವನ್ನು ಹಿಂದಿನ ಮಾದರಿಗಳೊಡನೆ ಹೋಲಿಸಿ, ವಿವರ ಪ್ರಕಟಿಸಿ, ಮೂಲ ಮಾದರಿಯನ್ನು ಸಂಗ್ರಹಾಲಯದಲ್ಲಿ ಕಾದಿಡಬೇಕು.

ಇದರಿಂದ ಬೆಳೆಗಾರರಿಗೇನು? ಅಡಿಕೆಯ ಬೇರುಹುಳದ ದುಂಬಿಯೂ ಇದೇ ಸ್ಕಾರಬ್ ಬಳಗದ್ದು. ಅದರ ಮರಿಯಾದ ಬಿಳಿ ಗೊಣ್ಣೆಹುಳು ಮಣ್ಣಿನೊಳಗಿದ್ದು ಬೇರು ತಿನ್ನುತ್ತದೆ. ಸಗಣಿ ದುಂಬಿಯಾದರೋ ಸಗಣಿಯಡಿ ಸುರಂಗ ತೋಡಿ ಗೊಬ್ಬರವನ್ನು ಮಣ್ಣಿಗೆ ಸೇರಿಸುತ್ತದೆ. ಅದರ ಮರಿಗೂ ಸಗಣಿಯೇ ಆಹಾರ. ಆದುದರಿಂದ ದುಂಬಿ ಕಂಡೊಡನೆ ಔಷಧಿ ಸುರಿಯಬಾರದೆಂದು ಬೆಳೆಗಾರ ಬಾಂಧವರಲ್ಲಿ ವಿನಂತಿಸುತ್ತೇವೆ. ಮೊದಲ ಮಳೆಯ ನಂತರ ಮುಸ್ಸಂಜೆ ಹಾರುವ ಬೇರುಹುಳದ ದುಂಬಿಗಳನ್ನು ಹಿಡಿದು ನಾಶಪಡಿಸೋಣ. ಸಗಣಿಯಡಿಯವನ್ನು ಅವುಗಳ ಕೆಲಸಕ್ಕೆ ಬಿಡೋಣ.