ಎನ್‌ಡಿ ಫಿಲ್ಟರ್ ಹಾಕಿದರೆ ಬಿಸಿಲಿನ ವಿಡಿಯೋ ಸಿನಿಮಾ ಆಗುತ್ತದೆಯೇ? ಸೂರ್ಯಗ್ರಹಣವನ್ನೂ ನೋಡಬಹುದೇ?

ಮೊಬೈಲ್ ಕ್ಯಾಮೆರಾದ ಮೇಲೆ ಕಪ್ಪು ಗಾಜಿನ ಬಳೆಯಂಥದ್ದೊಂದನ್ನು ಸಿಕ್ಕಿಸಿ, ಅದರ ಅಂಚು ತಿರುಗಿಸಿದಂತೆಲ್ಲ ಕಣ್ಣು ಕುಕ್ಕುವ ಬಿಸಿಲು ಹದಕ್ಕೆ ಬರುವ ರೀಲ್ಸ್ ನೀವೂ ನೋಡಿರುತ್ತೀರಿ. ಅದರ ಹೆಸರು ವೇರಿಯಬಲ್ ಎನ್‌ಡಿ ಫಿಲ್ಟರ್. ಎನ್‌ಡಿ ಅಂದರೆ ನ್ಯೂಟ್ರಲ್ ಡೆನ್ಸಿಟಿ. ಬಣ್ಣ ಕೆಡಿಸದೆ ಬೆಳಕನ್ನಷ್ಟೇ ಕಡಿಮೆ ಮಾಡುವ ಗಾಜು ಎಂಬ ಅರ್ಥದಲ್ಲಿ ಈ ಹೆಸರು. ಇದರ ಬಗ್ಗೆ ಮುಖ್ಯವಾಗಿ ಮೂರು ಮಾತು ಹರಿದಾಡುತ್ತವೆ. ಒಂದು, ಇದನ್ನು ಹಾಕಿದರೆ ಸಾಕು, ವಿಡಿಯೋ ಸಿನಿಮಾ ಥರ ಬರುತ್ತದೆ. ಎರಡು, ಇದು ಕ್ಯಾಮೆರಾಗೆ ಕೂಲಿಂಗ್ ಗ್ಲಾಸ್ ಇದ್ದಂತೆ, ಬೆಳಕು ತಗ್ಗಿಸುತ್ತದೆ ಅಷ್ಟೇ. ಮೂರು, ಇದರ ಮೂಲಕ ಸೂರ್ಯನನ್ನೂ ಗ್ರಹಣವನ್ನೂ ನೋಡಬಹುದು.

ಮೊದಲನೆಯದು ಅರ್ಧ ನಿಜ. ಎರಡನೆಯದು ತಪ್ಪು. ಮೂರನೆಯದು ಕಣ್ಣು ತೆಗೆಯುವ ಸುಳ್ಳು. ಅದನ್ನು ಯಾವುದಾದರೂ ಗ್ರೂಪಿಗೆ ಕಳಿಸಿದ್ದರೆ ಮೊದಲು ಡಿಲೀಟ್ ಮಾಡಿ ಬನ್ನಿ, ಮುಂದಿನದು ನಿಧಾನಕ್ಕೆ ಓದಬಹುದು.

ಮಧ್ಯಾಹ್ನದ ವಿಡಿಯೋ ಯಾಕೆ ತಡೆತಡೆದು ಓಡುತ್ತದೆ?

ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯ ಪಕ್ಕ ಮಧ್ಯಾಹ್ನ 12ಕ್ಕೆ ನಿಂತು, ಓಡುವ ವಾಹನಗಳ ವಿಡಿಯೋ ತೆಗೆಯಿರಿ. ಸಂಜೆ 6ಕ್ಕೆ ಅಲ್ಲೇ ನಿಂತು ಇನ್ನೊಂದು ತೆಗೆಯಿರಿ. ಮಧ್ಯಾಹ್ನದ್ದು ಹೆಚ್ಚು ಚುರುಕಾಗಿ ಕಾಣಬೇಕಿತ್ತು. ಆದರೆ ವಾಹನಗಳು ಜಾರಿಕೊಂಡು ಹೋಗುವ ಬದಲು ಜಿಗಿಜಿಗಿದು ಹೋದಂತೆ ಕಾಣುತ್ತವೆ.

ಕಾರಣ ಶಟರ್ ವೇಗ. ವಿಡಿಯೋ ಎಂದರೆ ಸೆಕೆಂಡಿಗೆ 24, 25 ಅಥವಾ 30 ಸ್ಥಿರ ಚಿತ್ರಗಳ ಸಾಲು. ಪ್ರತಿ ಚಿತ್ರಕ್ಕೂ ಕ್ಯಾಮೆರಾ ಎಷ್ಟು ಹೊತ್ತು ಬೆಳಕು ತೆಗೆದುಕೊಳ್ಳುತ್ತದೆ ಎಂಬುದೇ ಶಟರ್ ವೇಗ. ದೊಡ್ಡ ಕ್ಯಾಮೆರಾದಲ್ಲಿ ಬಿಸಿಲು ಜಾಸ್ತಿಯಾದರೆ ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಬಹುದು. ಬಹುತೇಕ ಮೊಬೈಲ್‌ಗಳಲ್ಲಿ ಕಿಂಡಿಯ ಅಳತೆ ಬದಲಾಗುವುದೇ ಇಲ್ಲ. ಹಾಗಾಗಿ ಫೋನಿಗೆ ಉಳಿಯುವ ದಾರಿ ಶಟರ್ ಅನ್ನು ಬೇಗ ಮುಚ್ಚುವುದು.

ಛಾಯಾಗ್ರಾಹಕರ ಹಳೆಯ ಬಾಯಿಲೆಕ್ಕವೊಂದಿದೆ: ನಿಚ್ಚಳ ಬಿಸಿಲಿನಲ್ಲಿ ಕಿಂಡಿ ಎಫ್ 16, ಐಎಸ್‌ಒ 100 ಇದ್ದರೆ ಶಟರ್ ಸುಮಾರು 1/100 ಸೆಕೆಂಡ್ ಸಾಕು. ಫೋನಿನ ಕಿಂಡಿ ಎಫ್ 1.8 ಎಂದಿಟ್ಟುಕೊಳ್ಳಿ. ಎಫ್ 16ಕ್ಕಿಂತ ಸುಮಾರು 80 ಪಟ್ಟು ಹೆಚ್ಚು ಬೆಳಕು ಒಳಗೆ ಬರುತ್ತದೆ. ಐಎಸ್‌ಒ 50ಕ್ಕೆ ಇಳಿಸಿದರೂ ಶಟರ್ 1/4000 ಸೆಕೆಂಡ್ ಆಗಲೇಬೇಕು.

ಈಗ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರನ್ನು ನೋಡೋಣ. ಸೆಕೆಂಡಿಗೆ 25 ಚಿತ್ರಗಳ ವಿಡಿಯೋದಲ್ಲಿ ಒಂದು ಚಿತ್ರದಿಂದ ಮುಂದಿನ ಚಿತ್ರದ ಹೊತ್ತಿಗೆ ಅದು 67 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಶಟರ್ 1/4000 ಆಗಿದ್ದರೆ ಕ್ಯಾಮೆರಾ ದಾಖಲಿಸುವುದು ಅದರಲ್ಲಿ ನಾಲ್ಕು ಮಿಲಿಮೀಟರ್ ಚಲನೆಯನ್ನು ಮಾತ್ರ. ಉಳಿದದ್ದೆಲ್ಲ ಜಿಗಿತ. ಶಟರ್ 1/50 ಆಗಿದ್ದರೆ ಸುಮಾರು 33 ಸೆಂಟಿಮೀಟರ್ ಚಲನೆ ಮಸುಕಾಗಿ ದಾಖಲಾಗುತ್ತದೆ. ನಮ್ಮ ಕಣ್ಣು ಆ ಮಸುಕನ್ನೇ ಚಲನೆ ಎಂದು ಓದಿಕೊಳ್ಳುತ್ತದೆ. ಸಿನಿಮಾದವರು ಮೊದಲಿನಿಂದ ಪಾಲಿಸಿಕೊಂಡು ಬಂದಿರುವುದು ಇದನ್ನೇ: ಪ್ರತಿ ಚಿತ್ರದ ಅವಧಿಯಲ್ಲಿ ಅರ್ಧ ಹೊತ್ತು ಶಟರ್ ತೆರೆದಿರಲಿ. 25 ಚಿತ್ರಕ್ಕೆ 1/50.

1/4000ದಿಂದ 1/50ಕ್ಕೆ ಬರಬೇಕಾದರೆ ಬೆಳಕನ್ನು 80 ಪಟ್ಟು ಕಡಿಮೆ ಮಾಡಬೇಕು. ಎನ್‌ಡಿ64 ಎಂದು ಬರೆದ ಗಾಜು 64ರಲ್ಲಿ ಒಂದು ಪಾಲು ಬೆಳಕನ್ನು ಮಾತ್ರ ಬಿಡುತ್ತದೆ, ಹೆಚ್ಚೂಕಡಿಮೆ ಕೆಲಸ ಆಯಿತು. ಮೋಡ ಬಂದರೆ ಎನ್‌ಡಿ16, ನೆರಳಿಗೆ ಹೋದರೆ ಎನ್‌ಡಿ4 ಎಂದು ಗಾಜು ಬದಲಿಸುತ್ತಾ ಕೂರುವ ಬದಲು ಒಂದನ್ನೇ ತಿರುಗಿಸಿದರೆ ಸಾಕು ಎಂಬುದೇ ವೇರಿಯಬಲ್ ಫಿಲ್ಟರಿನ ಆಕರ್ಷಣೆ.

ನಮ್ಮಲ್ಲಿ 1/50ಕ್ಕೆ ಇನ್ನೊಂದು ಉಪಯೋಗವೂ ಇದೆ. ಕರೆಂಟ್ 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಬಿಸಿಲಿನಿಂದ ಕಚೇರಿಯ ಒಳಗೆ ನಡೆದುಕೊಂಡು ಹೋಗುವ ವಿಡಿಯೋದಲ್ಲಿ ಕಪ್ಪು ಪಟ್ಟಿಗಳು ಓಡದಿರಲು 1/50 ಅಥವಾ 1/100 ಒಳ್ಳೆಯದು.

ಪೀಣ್ಯದ ಮೋಟರ್ ನಿಂತಿದೆಯೋ, ತಿರುಗುತ್ತಿದೆಯೋ?

ಇದು ಬರೀ ಅಂದಚೆಂದದ ವಿಷಯ ಎಂದುಕೊಂಡರೆ ಪೀಣ್ಯದ ಕಡೆ ಬನ್ನಿ. ಮೋಟರ್ ರೀವೈಂಡಿಂಗ್ ಅಂಗಡಿಯ ಮುಂದೆ, ಬಿಸಿಲಿನಲ್ಲಿ, ಮೋಟರ್ ಒಂದನ್ನು ನೆಲದ ಮೇಲಿಟ್ಟು ಓಡಿಸಿ ನೋಡುತ್ತಿದ್ದಾರೆ ಎಂದುಕೊಳ್ಳಿ. ನಾಲ್ಕು ಪೋಲಿನ ಸಾಮಾನ್ಯ ಮೋಟರ್‌ನ ನೇಮ್ ಪ್ಲೇಟ್ ಮೇಲೆ 1440 ಆರ್‌ಪಿಎಂ ಎಂದು ಬರೆದಿರುತ್ತದೆ. ನಿಮಿಷಕ್ಕೆ 1440 ಅಂದರೆ ಸೆಕೆಂಡಿಗೆ 24 ಸುತ್ತು. ಫೋನಿನ ಸಿನಿಮಾ ಮೋಡ್ ತೆಗೆಯುವುದೂ ಸೆಕೆಂಡಿಗೆ 24 ಚಿತ್ರ!

ಮೋಟರ್ ಸರಿಯಾಗಿ ಆ ವೇಗದಲ್ಲೇ ಇದ್ದರೆ ಪ್ರತಿ ಚಿತ್ರದಲ್ಲೂ ಶಾಫ್ಟಿನ ಗಾಡಿ ಅದೇ ಜಾಗದಲ್ಲಿರುತ್ತದೆ. ಬಿಸಿಲಿನ 1/4000 ಶಟರ್‌ನಲ್ಲಿ ಶಾಫ್ಟ್ ತಿರುಗುವುದು ಎರಡೇ ಡಿಗ್ರಿಯಷ್ಟು, ಆದ್ದರಿಂದ ಗಾಡಿಯ ಅಂಚೂ ಸ್ಪಷ್ಟ. ವಿಡಿಯೋದಲ್ಲಿ ಮೋಟರ್ ನಿಂತೇ ಹೋಗಿದೆ. ಸೆಕೆಂಡಿಗೆ 25 ಚಿತ್ರ ತೆಗೆದರೆ ಇನ್ನೂ ತಮಾಷೆ: ಶಾಫ್ಟ್ ಸೆಕೆಂಡಿಗೆ ಒಂದೇ ಒಂದು ಸುತ್ತು, ಅದೂ ಉಲ್ಟಾ ತಿರುಗಿದಂತೆ ಕಾಣುತ್ತದೆ. ರೆಕ್ಕೆ ತಿರುಗದೆ ಹಾರುವ ಹೆಲಿಕಾಪ್ಟರ್, ಹಿಂದಕ್ಕೆ ಉರುಳುವ ಕಾರಿನ ಚಕ್ರ, ಇವೆಲ್ಲ ಇದೇ ಲೆಕ್ಕದ ಮಕ್ಕಳು. ಪವಾಡವೂ ಅಲ್ಲ, ಎಡಿಟಿಂಗೂ ಅಲ್ಲ.

ಎನ್‌ಡಿ ಹಾಕಿ ಶಟರ್ 1/50ಕ್ಕೆ ತಂದರೆ ಒಂದು ಚಿತ್ರದೊಳಗೇ ಶಾಫ್ಟ್ ಸುಮಾರು ಅರ್ಧ ಸುತ್ತು ಹೊಡೆಯುತ್ತದೆ. ಗಾಡಿ ಮಸುಕಾಗಿ ಹರಡುತ್ತದೆ, ನೋಡಿದವರಿಗೆ ಇದು ತಿರುಗುತ್ತಿದೆ ಎಂದು ಗೊತ್ತಾಗುತ್ತದೆ. ಕೆಲಸ ಕಲಿಯುವ ಹುಡುಗರಿಗೆ ವಾಟ್ಸ್ಆ್ಯಪ್‌ನಲ್ಲಿ ಮೆಷಿನ್ ವಿಡಿಯೋ ಕಳಿಸುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ವಿಡಿಯೋದಲ್ಲಿ ನಿಧಾನವಾಗಿ ಕಂಡ ಶಾಫ್ಟ್ ಕೈ ಸಿಕ್ಕಿಸಿಕೊಂಡಾಗ ನಿಧಾನ ಇರುವುದಿಲ್ಲ. ಹಾಗೆಯೇ, ರಿಪೇರಿಗೆ ಕೊಟ್ಟ ಮೋಟರ್ ಉಲ್ಟಾ ತಿರುಗುತ್ತಿದೆ ಎಂದು ಬರೀ ವಿಡಿಯೋ ನೋಡಿ ಜಗಳಕ್ಕೆ ಇಳಿಯುವ ಮೊದಲು ಸೆಕೆಂಡಿಗೆ ಎಷ್ಟು ಚಿತ್ರ ಎಂದು ಕೇಳಿ.

ತಿರುಗಿಸಿದರೆ ಕಪ್ಪಾಗುವುದು ಹೇಗೆ?

ಇಲ್ಲಿಂದ ಎರಡನೇ ಮಾತಿನ ಸರದಿ. ಸಾದಾ ಎನ್‌ಡಿ ಗಾಜು ನಿಜವಾಗಿಯೂ ಕೂಲಿಂಗ್ ಗ್ಲಾಸ್ ಇದ್ದಂತೆಯೇ. ವೇರಿಯಬಲ್ ಎನ್‌ಡಿ ಹಾಗಲ್ಲ. ಅದರೊಳಗೆ ಇರುವುದು ಎರಡು ಪೋಲರೈಸರ್‌ಗಳು.

ಬೆಳಕು ಅಲೆ. ಆ ಅಲೆ ಯಾವ ದಿಕ್ಕಿಗೆ ಬೇಕಾದರೂ ಅಲುಗಾಡುತ್ತಿರಬಹುದು. ಪೋಲರೈಸರ್ ಒಂದು ದಿಕ್ಕಿನ ಅಲುಗಾಟವನ್ನು ಮಾತ್ರ ಬಿಡುತ್ತದೆ. ಪೇಪರ್ ಹುಡುಗ ಕಿಟಕಿಯ ಉದ್ದ ಸರಳುಗಳ ನಡುವೆ ಪೇಪರ್ ಅನ್ನು ನಿಲ್ಲಿಸಿ ಹಿಡಿದರೆ ತೂರುತ್ತದೆ, ಅಡ್ಡ ಹಿಡಿದರೆ ತೂರುವುದಿಲ್ಲ. ಉದ್ದ ಸರಳಿನ ಹಿಂದೆ ಅಡ್ಡ ಸರಳಿನ ಇನ್ನೊಂದು ಕಿಟಕಿ ಇದ್ದರೆ ಯಾವುದೂ ತೂರುವುದಿಲ್ಲ. ಹೋಲಿಕೆ ಒರಟಾದರೂ ಫಿಲ್ಟರ್ ಮಾಡುವುದು ಇದನ್ನೇ. ಹಿಂದಿನ ಗಾಜು ಸ್ಥಿರ, ಮುಂದಿನದು ತಿರುಗುತ್ತದೆ. ದಿಕ್ಕು ಒಂದೇ ಆದಾಗ ಬೆಳಕು ಹೆಚ್ಚು, ಅಡ್ಡವಾದಾಗ ಕತ್ತಲೆ.

ನಿಮ್ಮಲ್ಲಿ ಫಿಲ್ಟರ್ ಇದ್ದರೆ ಆಫೀಸಿನ ಎಲ್‌ಸಿಡಿ ಮಾನಿಟರ್ ಮುಂದೆ ಹಿಡಿದು ಮುಂದಿನ ಗಾಜನ್ನು ತಿರುಗಿಸಿ. ಒಂದು ಹಂತದಲ್ಲಿ ಪರದೆ ಕಪ್ಪಾಗಿಬಿಡುತ್ತದೆ. ಎಲ್‌ಸಿಡಿಯಿಂದ ಬರುವ ಬೆಳಕು ಮೊದಲೇ ಒಂದು ದಿಕ್ಕಿಗೆ ಕಟ್ಟಿ ಬಿಟ್ಟದ್ದು. ನಿಮ್ಮ ಫಿಲ್ಟರ್ ಬರೀ ಕಪ್ಪು ಗಾಜಲ್ಲ ಎಂಬುದಕ್ಕೆ ಇದಕ್ಕಿಂತ ಸುಲಭದ ಪರೀಕ್ಷೆ ಬೇಡ.

ಒಂದೇ ದಿಕ್ಕಿನ ಬೆಳಕು ಪ್ರಕೃತಿಯಲ್ಲೂ ಇದೆ. ಸೂರ್ಯನಿಂದ 90 ಡಿಗ್ರಿ ಆಚೆಗಿನ ನೀಲಿ ಆಕಾಶ, ನೀರಿನ ಮೇಲಿನ ಪ್ರತಿಫಲನ, ಗಾಜಿನ ಹೊಳಪು. ಅಲ್ಲೆಲ್ಲ ಈ ಫಿಲ್ಟರ್ ಆಯ್ದು ಆಯ್ದು ಬೆಳಕು ತೆಗೆಯುತ್ತದೆ. ವೈಡ್ ಲೆನ್ಸಿನಲ್ಲಿ ಆಕಾಶದ ಒಂದು ಪಾಲು ಕಡುನೀಲಿ, ಪಕ್ಕದ್ದು ಬಿಳಿಚು. ಪೂರ್ತಿ ಕಪ್ಪಿನ ಕಡೆಗೆ ತಿರುಗಿಸಿದರೆ ಚಿತ್ರದ ಮೇಲೆ ದೊಡ್ಡ ಗುಣಾಕಾರ ಚಿಹ್ನೆಯಂಥ ನೆರಳು. ಅಗ್ಗದ ಫಿಲ್ಟರ್‌ಗಳಲ್ಲಿ ಇದು ಬೇಗ ಬರುತ್ತದೆ, ಜೊತೆಗೆ ಕಂದು ಛಾಯೆಯೂ.

ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳ ಮುಂದೆ ಅಥವಾ ಕಾರಿನ ಪಕ್ಕದ ಕಿಟಕಿಯ ಮೂಲಕ ಚಿತ್ರೀಕರಿಸಿದರೆ ಗಾಜಿನ ಮೇಲೆ ಚುಕ್ಕೆ ಚುಕ್ಕೆಯಾಗಿ ನೇರಳೆ, ಹಸಿರು ಬಣ್ಣದ ಕಲೆಗಳು ಕಾಣಬಹುದು. ಗಾಜು ಕೆಟ್ಟಿಲ್ಲ. ಟಫನ್ಡ್ ಗಾಜನ್ನು ಕಾಯಿಸಿ ಗಾಳಿ ಊದಿ ದಿಢೀರ್ ತಣ್ಣಗಾಗಿಸುತ್ತಾರೆ. ಆಗ ಒಳಗೆ ಉಳಿದ ಬಿಗಿತದ ನಕ್ಷೆಯನ್ನು ಪೋಲರೈಸರ್ ಬಣ್ಣವಾಗಿ ತೋರಿಸುತ್ತದೆ.

ನನ್ನ ಪ್ರಕಾರ ಇವೆಲ್ಲಕ್ಕಿಂತ ಮುಖ್ಯವಾದದ್ದು ಕೆರೆ. 2015, 2017, 2018ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದು, ವರ್ತೂರು ಕೋಡಿಯಲ್ಲಿ ನೊರೆ ಉಕ್ಕಿ ರಸ್ತೆಗೆ ಬಂದದ್ದು ಹೊರಜಗತ್ತಿಗೆ ಗೊತ್ತಾದದ್ದರಲ್ಲಿ ಸುತ್ತಮುತ್ತಲಿನವರ ಮೊಬೈಲ್ ವಿಡಿಯೋಗಳ ಪಾಲು ದೊಡ್ಡದು. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಕೋನದಲ್ಲಿ ಪೋಲರೈಸರ್ ಮೂಲಕ ನೋಡಿದರೆ ಪ್ರತಿಫಲನ ಬಹುಪಾಲು ಮಾಯವಾಗುತ್ತದೆ. ಹೊಳೆಯುವ ನೀರು ಕಪ್ಪಾಗಿ ಕಾಣುತ್ತದೆ, ಪಾಚಿಯ ಹಸಿರು ಎದ್ದು ಕಾಣುತ್ತದೆ. ಬಿಳಿ ನೊರೆ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಅಂದರೆ ಒಂದೇ ಕೆರೆ, ಒಂದೇ ನಿಮಿಷ, ಬಳೆ ತಿರುಗಿಸಿದ್ದಷ್ಟೇ ವ್ಯತ್ಯಾಸ: ಎರಡು ಬೇರೆ ಬೇರೆ ಕೆರೆಗಳ ವಿಡಿಯೋ! ರೀಲ್ಸ್‌ಗಾದರೆ ಅಡ್ಡಿಯಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಲು ತೆಗೆಯುವ ವಿಡಿಯೋ ಆದರೆ ಫಿಲ್ಟರ್ ಬಿಚ್ಚಿ ತೆಗೆಯಿರಿ. ಇಲ್ಲದಿದ್ದರೆ ಎದುರಿನವರಿಗೆ ವಿಡಿಯೋ ನಕಲಿ ಎನ್ನಲು ನೀವೇ ದಾರಿ ಮಾಡಿಕೊಟ್ಟಂತೆ.

ಕೊಳ್ಳುವ ಮೊದಲು

ಫಿಲ್ಟರ್ ಹಾಕಿ ಫೋನನ್ನು ಆಟೋದಲ್ಲೇ ಬಿಟ್ಟರೆ ಪ್ರಯೋಜನ ಕಡಿಮೆ. ಬೆಳಕು ಸಾಲದು ಎಂದುಕೊಂಡು ಫೋನ್ ಶಟರ್ ನಿಧಾನ ಮಾಡುವ ಬದಲು ಐಎಸ್‌ಒ ಏರಿಸಿ ಚಿತ್ರವನ್ನು ಕಾಳುಕಾಳು ಮಾಡಬಹುದು. ಶಟರ್ ಅನ್ನು ಕೈಯಾರೆ ಹಿಡಿದಿಡುವ ಪ್ರೊ ಮೋಡ್ ಅಥವಾ ಆ್ಯಪ್ ಬೇಕು. ಮೂರು ಕ್ಯಾಮೆರಾ ಇರುವ ಫೋನ್ ಜೂಮ್ ಮಾಡಿದಾಗ ಫಿಲ್ಟರ್ ಇಲ್ಲದ ಇನ್ನೊಂದು ಲೆನ್ಸಿಗೆ ಸದ್ದಿಲ್ಲದೆ ಹಾರುವುದೂ ಉಂಟು.

ಒಮ್ಮೆ ಪ್ರಯತ್ನಿಸಿ ನೋಡಬೇಕು ಅಷ್ಟೇ ಎಂದಿದ್ದರೆ ದುಡ್ಡು ಬೇಡ. ಕಡು ಬಣ್ಣದ ಒಳ್ಳೆಯ ಕೂಲಿಂಗ್ ಗ್ಲಾಸ್ ಲೆನ್ಸಿನ ಮುಂದೆ ಹಿಡಿಯಿರಿ. ಅದು ಶೇ 8ರಿಂದ 18ರಷ್ಟು ಬೆಳಕು ಬಿಡುತ್ತದೆ, ಸುಮಾರಾಗಿ ಎನ್‌ಡಿ8ಕ್ಕೆ ಸಮ. ಅಥವಾ ಬೆಳಿಗ್ಗೆ ಎಂಟರೊಳಗೆ ಚಿತ್ರೀಕರಣ ಮುಗಿಸಿ. ಆ ಹೊತ್ತಿಗೆ ಔಟರ್ ರಿಂಗ್ ರೋಡ್ ಕೂಡ ಸ್ವಲ್ಪ ಖಾಲಿ ಇರುತ್ತದೆ.

ಸೂರ್ಯನನ್ನು ನೋಡಬಹುದೇ?

ಇಲ್ಲ. ಫಿಲ್ಟರ್ ಎಷ್ಟೇ ಕಪ್ಪಾಗಿ ಕಂಡರೂ ಇಲ್ಲ.

ಗ್ರಹಣ ನೋಡುವ ಕನ್ನಡಕಕ್ಕೆ ಐಎಸ್‌ಒ 12312-2 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದು ಕಣ್ಣಿಗೆ ಕಾಣುವ ಬೆಳಕಿನಲ್ಲಿ ಶೇ 0.0032ಕ್ಕಿಂತ ಹೆಚ್ಚು ಬಿಡುವಂತಿಲ್ಲ. ಮಾರುಕಟ್ಟೆಯಲ್ಲಿ ಎನ್‌ಡಿ2ರಿಂದ 400 ಎಂದು ಬರೆದ ಫಿಲ್ಟರ್ ತನ್ನ ಕೊನೆಯ ಹಂತದಲ್ಲೂ 400ರಲ್ಲಿ ಒಂದು ಪಾಲು, ಅಂದರೆ ಶೇ 0.25ರಷ್ಟು ಬಿಡುತ್ತದೆ. ಸುರಕ್ಷಿತ ಮಿತಿಗಿಂತ ಇದು 78 ಪಟ್ಟು ಹೆಚ್ಚು. ಸಾಲದ್ದಕ್ಕೆ ಈ ಪೋಲರೈಸರ್ ಹಾಳೆಗಳು ಕಾಣುವ ಬೆಳಕನ್ನು ತಡೆಯಲೆಂದು ಮಾಡಿದವು. ಕಣ್ಣಿಗೆ ಕಾಣದ ಅವಕೆಂಪು ಕಿರಣ, ಅಂದರೆ ಇನ್‌ಫ್ರಾರೆಡ್, ಎರಡನ್ನೂ ಅಡ್ಡ ಇಟ್ಟಾಗಲೂ ನುಸುಳಿಕೊಂಡು ಬರುತ್ತದೆ. ಗಾಜು ಕಪ್ಪಾಗಿರುವುದರಿಂದ ಕಣ್ಣಿನ ಪಾಪೆ ಹಿಗ್ಗುತ್ತದೆ, ಕಣ್ಣು ಮುಚ್ಚಿಕೊಳ್ಳುವ ಸಹಜ ಬುದ್ಧಿಯೂ ಎಚ್ಚರವಾಗುವುದಿಲ್ಲ. ಅಕ್ಷಿಪಟಲಕ್ಕೆ ನೋವು ತಿಳಿಯುವ ನರಗಳಿಲ್ಲ. ಸುಟ್ಟದ್ದು ಗೊತ್ತಾಗುವುದು ಗಂಟೆಗಳ ನಂತರ, ನೋಡಿದ ಕಡೆಯೆಲ್ಲ ನಡುವೆ ಕಪ್ಪು ಚುಕ್ಕೆ ಕಂಡಾಗ.

ಎಕ್ಸ್‌ರೇ ಫಿಲ್ಮ್, ಎರಡು ಕೂಲಿಂಗ್ ಗ್ಲಾಸ್ ಒಂದರ ಮೇಲೊಂದು, ಇವಕ್ಕೂ ಇದೇ ಉತ್ತರ. ವೆಲ್ಡಿಂಗ್ ಗಾಜಿನಲ್ಲಿ ಕೈಗೆ ಸುಲಭವಾಗಿ ಸಿಗುವ 10 ಅಥವಾ 11ನೇ ಶೇಡ್ ಸೂರ್ಯನಿಗೆ ಸಾಲದು, 14 ಬೇಕು. ಗ್ರಹಣದ ದಿನ ಸೂರ್ಯನಿಂದ ವಿಶೇಷ ವಿಷಕಿರಣ ಬರುತ್ತದೆ ಎಂಬುದೂ ಸುಳ್ಳು. ಬರುವುದು ದಿನದ ಬೆಳಕೇ. ಬೇರೆ ದಿನ ಯಾರೂ ಸೂರ್ಯನನ್ನು ದಿಟ್ಟಿಸುವುದಿಲ್ಲ, ಆ ದಿನ ದಿಟ್ಟಿಸುತ್ತಾರೆ, ಅಷ್ಟೇ.

ಫೋನಿನ ಪರದೆಯಲ್ಲಿ ಕಾಣುವ ಸೂರ್ಯ ಬರೀ ಚಿತ್ರ, ಅದರಿಂದ ಕಣ್ಣಿಗೆ ತೊಂದರೆ ಇಲ್ಲ. ಫೋನ್ ಗುರಿ ಹಿಡಿಯುವಾಗ ಅದರ ಅಂಚಿನಾಚೆ ಕಣ್ಣು ಹೋಗುವುದೇ ಅಪಾಯ. ಕಣ್ಣಿಟ್ಟು ನೋಡುವ ಕಿಂಡಿ ಇರುವ ಡಿಎಸ್ಎಲ್ಆರ್ ಆದರೆ ಲೆನ್ಸ್ ಬೆಳಕನ್ನು ಒಟ್ಟುಗೂಡಿಸಿ ನೇರ ಕಣ್ಣಿಗೇ ಬಿಡುತ್ತದೆ. ಅದಕ್ಕೆ ವೇರಿಯಬಲ್ ಎನ್‌ಡಿ ಹಾಕಿ ಸೂರ್ಯನ ಕಡೆ ತಿರುಗಿಸುವುದು ಎಲ್ಲಕ್ಕಿಂತ ಕೆಟ್ಟ ಯೋಚನೆ.

2019ರ ಡಿಸೆಂಬರ್ 26ರಂದು ಕಾಸರಗೋಡಿನ ಚೆರುವತ್ತೂರು, ಕೊಡಗಿನ ಕುಟ್ಟದಲ್ಲಿ ಬೆಂಕಿ ಬಳೆಯಂತೆ ಕಂಕಣ ಗ್ರಹಣ ಕಂಡಿತ್ತು. ಬೆಂಗಳೂರಿನಲ್ಲೂ ಸೂರ್ಯ ಬಹುಪಾಲು ಮುಚ್ಚಿಹೋಗಿದ್ದ. ಮುಂದೆ 2027ರ ಆಗಸ್ಟ್ 2ರ ಇಳಿಹೊತ್ತಿನಲ್ಲಿ ನಮ್ಮ ಕಡೆ ಭಾಗಶಃ ಗ್ರಹಣವಿದೆ, ಆಗಸ್ಟ್ ತಿಂಗಳ ಮೋಡ ದಾರಿ ಬಿಟ್ಟರೆ. ರಟ್ಟಿನಲ್ಲಿ ಸೂಜಿಯಿಂದ ತೂತು ಮಾಡಿ ಸೂರ್ಯನಿಗೆ ಬೆನ್ನು ಹಾಕಿ ನಿಂತು ಗೋಡೆಯ ಮೇಲೆ ಬೆಳಕು ಬೀಳಿಸಿ. ಪ್ರತಿ ತೂತಿನಿಂದಲೂ ಒಂದೊಂದು ಕಚ್ಚಿದ ಸೂರ್ಯ ಮೂಡುತ್ತಾನೆ. ಹೊಂಗೆ ಮರದ ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕೆಗಳೂ ಹಾಗೆಯೇ ಕಾಣುತ್ತವೆ. ಅದರ ವಿಡಿಯೋ ತೆಗೆಯಲು ಯಾವ ಫಿಲ್ಟರೂ ಬೇಕಿಲ್ಲ.