ಡೀಸೆಲ್‌ನಲ್ಲಿ ಸೇರುವ ನೀರು: ಪಂಪ್‌ಸೆಟ್ ಕೆಡುವ ಮುನ್ನ ವಹಿಸಬೇಕಾದ ಎಚ್ಚರಿಕೆ

ಜೇವರ್ಗಿ ತಾಲ್ಲೂಕಿನ ಎರೆ ಭೂಮಿಯಲ್ಲಿ ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ಕಾಲಕ್ಕೆ ತೇವ ಕಡಿಮೆಯಾದರೆ ಇಳುವರಿ ಕುಗ್ಗುತ್ತದೆ. ಆಗ ಭೀಮಾ ನದಿಯಿಂದಲೋ ಹಳ್ಳದಿಂದಲೋ ಒಂದು ನೀರು ಕೊಡಬೇಕಾದರೆ, ವಿದ್ಯುತ್ ದೊರೆಯದ ಕಡೆ ಡೀಸೆಲ್ ಎಂಜಿನ್ನೇ ಆಧಾರ. ಮಳೆಗಾಲವಿಡೀ ಮೂಲೆಯಲ್ಲಿ ಕುಳಿತ ಎಂಜಿನ್ ಕೈಕೊಡುವುದೂ ಅಂಥ ಹೊತ್ತಿನಲ್ಲಿಯೇ. ಚಾಲೂ ಆದ ಕೆಲವೇ ನಿಮಿಷಗಳಲ್ಲಿ ಓಟ ತಪ್ಪಿ ಗಕ್ಕನೆ ನಿಲ್ಲುತ್ತದೆ. ಬಿಳಿ ಹೊಗೆ ಕಾರುತ್ತದೆ. ರೈತರು ನಾಜಲ್ ಬಿಚ್ಚಿಕೊಂಡು ಕಲಬುರಗಿಗೆ ಹೋಗುತ್ತಾರೆ, ಇಲ್ಲವೇ ಪೆಟ್ರೋಲ್ ಬಂಕಿನವರನ್ನು ದೂರುತ್ತಾರೆ. ಆದರೆ ಅನೇಕ ವೇಳೆ ದೋಷವಿರುವುದು ಮನೆಯಲ್ಲಿಟ್ಟ ಡೀಸೆಲ್ ಪೀಪಾಯಿಯಲ್ಲಿ.

ನೀರು ಸೇರುವ ಬಗೆ

ಬಯಲಲ್ಲಿ ನೆಟ್ಟಗೆ ನಿಲ್ಲಿಸಿದ 200 ಲೀಟರಿನ ಪೀಪಾಯಿಯ ಮೇಲ್ಭಾಗದಲ್ಲಿ, ಅಂಚಿನ ಒಳಗೆ ಮಳೆನೀರು ನಿಲ್ಲುತ್ತದೆ. ಹಗಲಿನ ಬಿಸಿಗೆ ಹಿಗ್ಗಿದ ಒಳಗಿನ ಗಾಳಿ ಬಿರಡೆಯ ಸಂದಿನಿಂದ ಹೊರಬೀಳುತ್ತದೆ. ರಾತ್ರಿಯ ತಂಪಿಗೆ ಅದು ಕುಗ್ಗಿದಾಗ ಮೇಲೆ ನಿಂತ ನೀರು ಅದೇ ಸಂದಿನಿಂದ ಒಳಗೆ ಎಳೆಯಲ್ಪಡುತ್ತದೆ. ಬಿರಡೆ ಬಿಗಿಯಾಗಿದೆಯೆಂದು ನಂಬಿ ಕೂಡುವಂತಿಲ್ಲ. ಅರ್ಧ ಖಾಲಿ ಟ್ಯಾಂಕಿನ ಗಾಳಿಯ ತೇವವೂ ಚಳಿಗೆ ಹನಿಗಟ್ಟುತ್ತದೆ. ಇದರ ಪ್ರಮಾಣ ಒಂದು ರಾತ್ರಿಗೆ ಅತ್ಯಲ್ಪ. ತಿಂಗಳುಗಟ್ಟಲೆ ನಿಂತ ಎಂಜಿನ್‌ನಲ್ಲಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮಳೆನೀರೇ ಮುಖ್ಯ ಶತ್ರು.

ನೀರು ಡೀಸೆಲ್‌ಗಿಂತ ಭಾರ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗಿದರೆ ನೀರು 1000 ಗ್ರಾಂ ತೂಗುತ್ತದೆ. ಆದ್ದರಿಂದ ನೀರು ತಳಕ್ಕಿಳಿಯುತ್ತದೆ. ಈ ಗುಣವೇ ರೈತರಿಗೆ ದೊಡ್ಡ ಅನುಕೂಲ.

ಆಗುವ ಹಾನಿ

ಇಂಧನ ಪಂಪಿನೊಳಗಿನ ಭಾಗಗಳ ನಡುವಿನ ಅಂತರ ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಪಾಲು ಕಿರಿದು. ಅಲ್ಲಿ ಡೀಸೆಲ್ಲೇ ಎಣ್ಣೆಯ ಕೆಲಸವನ್ನೂ ಮಾಡುತ್ತದೆ. ನೀರು ಹೊಕ್ಕರೆ ಆ ಜಿಡ್ಡಿನ ಪೊರೆ ಹರಿದು ಲೋಹ ಸವೆಯುತ್ತದೆ, ತುಕ್ಕು ಹಿಡಿಯುತ್ತದೆ. ನೀರು ಮತ್ತು ಡೀಸೆಲ್ ಸಂಧಿಸುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಉಂಟಾಗಿ ಫಿಲ್ಟರ್ ಕಟ್ಟಿಕೊಳ್ಳುವುದೂ ಉಂಟು. ಬೆಳಗಿನ ಚಳಿಯಲ್ಲಿ ಚಾಲೂ ಮಾಡಿದೊಡನೆ ತುಸು ಬಿಳಿ ಹೊಗೆ ಬರುವುದು ಸಹಜ. ಎಂಜಿನ್ ಕಾದ ಮೇಲೂ ಬರುತ್ತಿದ್ದರೆ ಸಂಶಯಪಡಬೇಕು.

ಪರೀಕ್ಷೆ ಮತ್ತು ಪರಿಹಾರ

ನಾಜಲ್ ಬಿಚ್ಚುವ ಮೊದಲು ಟ್ಯಾಂಕಿನ ತಳದಿಂದ ಒಂದು ಗಾಜಿನ ಸೀಸೆಯಷ್ಟು ಡೀಸೆಲ್ ಹಿಡಿದು ಅಲುಗಾಡಿಸದೆ ಅರ್ಧ ಗಂಟೆ ಇಡಬೇಕು. ತಳದಲ್ಲಿ ಬೇರೆಯಾದ ಪದರ ಕಂಡರೆ ಅದು ನೀರು. ಮೇಲಿನ ಡೀಸೆಲ್ ಮಸುಕಾಗಿದ್ದರೆ ನೀರಿನ ಸಣ್ಣ ಹನಿಗಳು ಇನ್ನೂ ತೇಲುತ್ತಿವೆ ಎಂದು ತಿಳಿಯಬೇಕು.

ನೀರಿದ್ದರೆ ಟ್ಯಾಂಕ್, ಕೊಳವೆ, ಫಿಲ್ಟರ್ ಬಟ್ಟಲುಗಳನ್ನು ಪೂರ್ತಿ ಬಸಿದು, ಹೊಸ ಫಿಲ್ಟರ್ ಹಾಕಿ, ತಿಳಿ ಡೀಸೆಲ್ ತುಂಬಬೇಕು. ಬಳಿಕ ಫಿಲ್ಟರಿನ ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಡೀಸೆಲ್ ಧಾರೆಯಾಗಿ ಬರುವವರೆಗೆ ಬಿಟ್ಟು ಬಿಗಿಯಬೇಕು, ಪಂಪಿನಲ್ಲೂ ಹಾಗೆಯೇ. ಈ ಗಾಳಿ ತೆಗೆಯುವ ಕೆಲಸ ಮರೆತು, ‘ಎಲ್ಲ ಮಾಡಿದರೂ ಚಾಲೂ ಆಗಲಿಲ್ಲ’ ಎನ್ನುವವರೇ ಹೆಚ್ಚು. ನೀರು ಹೋಗಲೆಂದು ಡೀಸೆಲ್‌ಗೆ ಸ್ಪಿರಿಟ್ ಬೆರೆಸಕೂಡದು. ಬಟ್ಟೆಯಲ್ಲಿ ಸೋಸಿದರೆ ಕಸ ನಿಲ್ಲುತ್ತದೆಯೇ ಹೊರತು ನೀರನ್ನು ನಂಬಿಕೆಯಿಂದ ತಡೆಯಲಾಗದು.

ಪೀಪಾಯಿಯನ್ನು ಸೂರಿನಡಿ ಮಲಗಿಸಿ, ಎರಡು ಬಿರಡೆಗಳೂ ಅಡ್ಡಸಾಲಿನಲ್ಲಿ ಬರುವಂತೆ ಇಡುವುದು ಲೇಸು. ನಿಲ್ಲಿಸಲೇಬೇಕಾದರೆ ಒಂದು ಕಡೆ ಇಟ್ಟಿಗೆ ಕೊಟ್ಟು, ಬಿರಡೆಯಿಂದ ನೀರು ದೂರ ಸರಿಯುವಂತೆ ವಾಲಿಸಬೇಕು. ಸಾಗಿಸಿ ತಂದ ಡೀಸೆಲ್ ಒಂದು ರಾತ್ರಿ ನೆಲೆನಿಲ್ಲಲಿ; ತಳದ ಮೂರು ಅಂಗುಲ ಬಿಟ್ಟು ಮೇಲಿನದನ್ನಷ್ಟೇ ತೆಗೆಯಬೇಕು. ಸತು ಲೇಪಿಸಿದ ಡಬ್ಬಿ ಡೀಸೆಲ್‌ಗೆ ಸಲ್ಲದು.

ಮಲ್ಪೆ, ಮಂಗಳೂರಿನ ಮೀನುಗಾರಿಕೆ ದೋಣಿಗಳಿಗೂ ಇದೇ ಪೀಡೆ; ಅಲ್ಲಿ ಸಮುದ್ರದ ಉಪ್ಪು ತುಕ್ಕನ್ನು ಇನ್ನಷ್ಟು ಬೇಗ ತರುತ್ತದೆ. ದೋಣಿ ಎಂಜಿನ್‌ಗಳಿಗೆ ಹಾಕುವ, ತಳದಲ್ಲಿ ಪಾರದರ್ಶಕ ಬಟ್ಟಲುಳ್ಳ ನೀರು ಬೇರ್ಪಡಿಸುವ ಫಿಲ್ಟರನ್ನು ಟ್ಯಾಂಕ್ ಮತ್ತು ಪಂಪಿನ ನಡುವೆ ಪಂಪ್‌ಸೆಟ್‌ಗೂ ಜೋಡಿಸಬಹುದು. ನೀರು ನಿಂತದ್ದು ಕಣ್ಣಿಗೇ ಕಾಣುವುದರಿಂದ ಈ ಖರ್ಚು ವ್ಯರ್ಥವಲ್ಲ.

ಪೆಟ್ರೋಲ್‌ನಲ್ಲಿ ನಡೆಯುವ ಸಿಂಪಡಣಾ ಯಂತ್ರಗಳ ಮಾತು ಬೇರೆ. ಈಗಿನ ಪೆಟ್ರೋಲ್‌ಗೆ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ನೀರು ಹೆಚ್ಚಾದರೆ ಎಥನಾಲ್ ನೀರಿನೊಡನೆ ಕೂಡಿ ತಳಕ್ಕಿಳಿಯುತ್ತದೆ. ಮೇಲೆ ಉಳಿದದ್ದು ಮೊದಲಿನ ಪೆಟ್ರೋಲ್ ಆಗಿರುವುದಿಲ್ಲ. ಅದನ್ನು ಪೂರ್ತಿ ತೆಗೆದು ಹೊಸದನ್ನು ಹಾಕುವುದೇ ದಾರಿ.

ಅಕ್ಟೋಬರ್ 2020ರಲ್ಲಿ ಬಂದಂಥ ಭೀಮಾ ಪ್ರವಾಹದಲ್ಲಿ ಎಂಜಿನ್ ಮುಳುಗಿದ್ದರೆ, ನೀರಿಳಿದೊಡನೆ ಹ್ಯಾಂಡಲ್ ಹಾಕಿ ತಿರುಗಿಸಕೂಡದು. ಸಿಲಿಂಡರಿನಲ್ಲಿ ನಿಂತ ನೀರು ಒತ್ತಡಕ್ಕೆ ಕುಗ್ಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗಬಹುದು. ನಾಜಲ್ ಬಿಚ್ಚಿ ನೀರು ಹೊರಹಾಕಿ, ಡೀಸೆಲ್ ಜೊತೆಗೆ ಎಂಜಿನ್ ಆಯಿಲನ್ನೂ ಬದಲಿಸಿದ ನಂತರವೇ ಚಾಲೂ ಮಾಡಬೇಕು. ಬಸಿದ ಕೊಳೆಯನ್ನು ನದಿಗಾಗಲಿ ಬಾವಿಯ ಬಳಿಯಾಗಲಿ ಚೆಲ್ಲದೆ, ಡಬ್ಬಿಯಲ್ಲಿ ಹಿಡಿದಿಟ್ಟು ಹಳೆಯ ಆಯಿಲ್ ಕೊಳ್ಳುವವರಿಗೆ ಒಪ್ಪಿಸಬೇಕು.