ನಲವತ್ತು ಗ್ರೇನ್ ಕರಿಮದ್ದು

44-40 ಎಂದರೆ ಸಿಟಿ ಬಸ್ಸಿನ ರೂಟ್ ನಂಬರ್ ಇದ್ದಂತಿದೆ. ಅಸಲಿಗೆ ಅದೊಂದು ತೋಟಾ. ಮೊದಲ ಅಂಕಿ ಗುಂಡಿನ ಅಡ್ಡಳತೆ, ಇಂಚನ್ನು ನೂರು ಪಾಲು ಮಾಡಿದ ಲೆಕ್ಕದಲ್ಲಿ, ಅದೂ ಸುಮಾರಾಗಿ. ಎರಡನೆಯದು ಒಳಗೆ ತುಂಬುವ ಮದ್ದಿನ ತೂಕ, ಗ್ರೇನ್‌ಗಳಲ್ಲಿ. ಗ್ರೇನ್ ಎಂದರೆ ಕಾಳು. ಇಂಗ್ಲೆಂಡಿನವರು ತೂಕಕ್ಕೆ ಬಾರ್ಲಿ ಕಾಳು ಹಿಡಿದರು, ನಮ್ಮ ಅಕ್ಕಸಾಲಿಗರು ಗುಲಗಂಜಿ ಹಿಡಿದರು. ಕಂಪನಿ ಸರ್ಕಾರ ತೊಲವನ್ನು 180 ಗ್ರೇನಿಗೆ ಗೊತ್ತುಮಾಡಿತ್ತು. ತೊಲಕ್ಕೆ 96 ಗುಲಗಂಜಿಯಂತೆ ಎಣಿಸಿದರೆ ನಲವತ್ತು ಗ್ರೇನ್ ಅಂದರೆ ಇಪ್ಪತ್ತೊಂದು ಗುಲಗಂಜಿಗಿಂತ ಚೂರು ಹೆಚ್ಚು. ಗ್ರಾಂನಲ್ಲಿ 2.6, ಒಂದು ತೆಳು ಉಂಗುರದ ತೂಕ. ಅಮೆರಿಕದ ಪಶ್ಚಿಮದ ಕೌಬಾಯ್ ಕಥೆಗಳೆಲ್ಲ ಸಿಡಿಯುವುದು ಇಷ್ಟೇ ಮದ್ದಿನಿಂದ.

ಮದ್ದಿಗೆ ಬೇಕಾದದ್ದು ಮೂರು ಸಾಮಾನು. ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದ್ದಿಲು ಎಲ್ಲಿ ಬೇಕಾದರೂ ಸಿಗುತ್ತದೆ, ಕಷ್ಟ ಇರುವುದು ಪೆಟ್ಲುಪ್ಪಿನದು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಒಳ್ಳೆಯ ಪೆಟ್ಲುಪ್ಪು ಬೇಕೆಂದರೆ ಜಗತ್ತು ನೋಡುತ್ತಿದ್ದದ್ದು ಬಿಹಾರದ ಕಡೆಗೆ. ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾದ 1861ರಲ್ಲಿ ಲಿಂಕನ್ ಸರ್ಕಾರದ ಪರವಾಗಿ ಮದ್ದಿನ ಕಾರ್ಖಾನೆಯ ಲ್ಯಾಮಟ್ ಡುಪಾಂಟ್ ಗುಟ್ಟಾಗಿ ಲಂಡನ್ನಿಗೆ ಹೋಗಿ, ಅಲ್ಲಿದ್ದ ಭಾರತದ ಪೆಟ್ಲುಪ್ಪನ್ನು ಖರೀದಿಸಿದ. ಅಷ್ಟರಲ್ಲಿ ಎರಡೂ ದೇಶಗಳ ನಡುವೆ ಹಡಗಿನ ಜಗಳವೊಂದು ಎದ್ದು, ಬ್ರಿಟನ್ ಸರಕನ್ನು ತಡೆದು ನಿಲ್ಲಿಸಿತು. ರಾಜಿಯಾದ ಮೇಲೆಯೇ ಅದು ಹೊರಟದ್ದು. ಅಮೆರಿಕನ್ನರು ತಮ್ಮತಮ್ಮಲ್ಲೇ ಸುಟ್ಟುಕೊಂಡ ಮದ್ದಿನಲ್ಲಿ ನಮ್ಮ ನೆಲದ ಉಪ್ಪೂ ಇತ್ತು.

ಅಲ್ಲಿಯವರೆಗಿನ ಕೋವಿ, ರಿವಾಲ್ವರುಗಳು ಹೆಚ್ಚಾಗಿ ಮಲೆನಾಡಿನವರಿಗೆ ಪರಿಚಯವಿರುವ ಕೇಪಿನ ಕೋವಿಯ ಜಾತಿಯವು. ಮುಂದಿನಿಂದ ಮದ್ದು ಸುರಿ, ಗುಂಡು ಜಡಿ, ಹಿಂದೆ ಕೇಪು, ಅಂದರೆ ಬಡಿದರೆ ಕಿಡಿ ಕಾರುವ ಪುಟ್ಟ ಟೊಪ್ಪಿ, ಸಿಕ್ಕಿಸು. ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಪೇಟೆಂಟ್ ಪಡೆದ ರಿವಾಲ್ವರಿಗೂ ಇದೇ ಚಾಕರಿ, ಒಂದಲ್ಲ, ಸಿಲಿಂಡರಿನ ತೂತು ಎಷ್ಟೋ ಅಷ್ಟು ಸಲ. ಮದ್ದು ಗುಂಡು ಎರಡನ್ನೂ ಕಾಗದದಲ್ಲಿ ಸುತ್ತಿದ ತೋಟಾಗಳೂ ಇದ್ದವು. ಕೊಬ್ಬು ಸವರಿದ ಅಂಥದ್ದೇ ಕಾಗದದ ತೋಟಾ 1857ರಲ್ಲಿ ನಮ್ಮಲ್ಲಿ ಏನು ಮಾಡಿತೆಂದು ಶಾಲೆಯಲ್ಲೇ ಓದಿದ್ದೇವೆ. ಅದೇ ವರ್ಷ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡಿನಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ, ತಾಮ್ರದ ಪುಟ್ಟ ತೋಟಾವನ್ನು ಹಿಂದಿನಿಂದ ತುಂಬುವ ರಿವಾಲ್ವರ್ ಮಾರಾಟಕ್ಕೆ ತಂದಿತು.

ಹಿಂದಿನಿಂದ ತುಂಬಬೇಕಾದರೆ ಸಿಲಿಂಡರಿನ ತೂತು ಆಚೆಯಿಂದ ಈಚೆಗೆ ಪೂರ್ತಿ ಕೊರೆದಿರಬೇಕು. ಕೇಳಿದರೆ ಮಕ್ಕಳಿಗೂ ಹೊಳೆಯುವಂಥದ್ದು ಅನಿಸುತ್ತದೆ. ಆದರೆ 1855ರಲ್ಲಿ ಅದರ ಪೇಟೆಂಟ್ ಕಿಸೆಗೆ ಹಾಕಿಕೊಂಡವನು ರಾಲಿನ್ ವೈಟ್ ಎಂಬಾತ. ಸ್ಮಿತ್ ಅಂಡ್ ವೆಸನ್‌ನವರು ರಿವಾಲ್ವರ್ ಒಂದಕ್ಕೆ 25 ಸೆಂಟ್ ರಾಯಧನ ಕೊಟ್ಟು ಆ ಹಕ್ಕು ಹಿಡಿದರು. ಕರಾರಿನಲ್ಲಿ ಒಂದು ಕೊಕ್ಕೆ ಇತ್ತು: ಯಾರಾದರೂ ಪೇಟೆಂಟ್ ಕದ್ದರೆ ಕೋರ್ಟಿಗೆ ಹೋಗಬೇಕಾದವನು ವೈಟ್, ಖರ್ಚೂ ಅವನದೇ. ವೈಟ್ ಕೋರ್ಟು ಅಲೆದ, ಗೆದ್ದ, ಬಂದ ರಾಯಧನದಲ್ಲಿ ದೊಡ್ಡ ಪಾಲನ್ನು ವಕೀಲರಿಗೆ ಸುರಿದ. 1869ರಲ್ಲಿ ಪೇಟೆಂಟಿನ ಅವಧಿ ಮುಗಿದಾಗ ಅದನ್ನು ಮುಂದುವರಿಸಿಕೊಡುವ ದಾರಿ ತೆರೆಯಲು ಸಂಸತ್ತೇನೋ ಒಪ್ಪಿತು. ಅಧ್ಯಕ್ಷ ಗ್ರ್ಯಾಂಟ್ ಒಪ್ಪಲಿಲ್ಲ. ಯುದ್ಧ ಕಾಲದಲ್ಲಿ ಈ ಪೇಟೆಂಟ್ ಸೈನ್ಯಕ್ಕೆ ತೊಡಕಾಗಿತ್ತೆಂಬ ದೂರು ಸೇನಾಧಿಕಾರಿಗಳದು, ಆ ಯುದ್ಧ ನಡೆಸಿದ ಜನರಲ್ಲೇ ಈಗ ಅಧ್ಯಕ್ಷ. ಕೋಲ್ಟ್ ಕಂಪನಿ ಇದಕ್ಕೇ ಕಾಯುತ್ತಿತ್ತು. 1873ಕ್ಕೆ ಅದರ ಸಿಂಗಲ್ ಆ್ಯಕ್ಷನ್ ಆರ್ಮಿ ರಿವಾಲ್ವರ್ ಹೊರಬಂತು. ಅದನ್ನು ನೋಡಲು ಸ್ಯಾಮ್ಯುಯೆಲ್ ಕೋಲ್ಟ್ ಇರಲಿಲ್ಲ, 1862ರಲ್ಲೇ ತೀರಿಕೊಂಡಿದ್ದ.

ರೈಫಲ್ಲಿನ ಕಥೆ ಬೇರೆ ಓಣಿಯಿಂದ ಬಂತು. ಶರ್ಟ್ ಹೊಲಿಸಿ ಮಾರುತ್ತಿದ್ದ ಆಲಿವರ್ ವಿಂಚೆಸ್ಟರ್ ಮುಳುಗುತ್ತಿದ್ದ ಬಂದೂಕು ಕಂಪನಿಯನ್ನು ಕೈಗೆತ್ತಿಕೊಂಡ. ಅಲ್ಲಿನ ಟೈಲರ್ ಹೆನ್ರಿ 1860ರಲ್ಲಿ ಲಿವರ್ ಎಳೆದರೆ ಖಾಲಿ ತೋಟಾ ಹೊರಗೆ ಹಾರಿ, ಹೊಸದು ಒಳಗೆ ಕೂರುವ ರೈಫಲ್ ಮಾಡಿದ. ಅದರ ತೋಟಾದಲ್ಲಿ ಮದ್ದು ಮೂವತ್ತು ಗ್ರೇನಿಗೂ ಕಡಿಮೆ. ಸಿಡಿಯುವ ರಾಸಾಯನಿಕ ಬುಡದ ಅಂಚಿನ ಮಡಿಕೆಯಲ್ಲಿ ಇರುತ್ತಿತ್ತು, ಕೋವಿಯ ಕುದುರೆ ಬಡಿದು ಅಂಚು ನಜ್ಜಾದರೆ ತೋಟಾದ ಆಯುಷ್ಯ ಮುಗಿಯಿತು. 1873ರ ವಿಂಚೆಸ್ಟರ್ ತಂದ 44-40ರಲ್ಲಿ ಕೇಪು ಬುಡದ ನಡುಮಧ್ಯಕ್ಕೆ ಬಂತು, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಬಹುದಾದ ಬಿಡಿ ಕೇಪು. ನನ್ನ ಮಟ್ಟಿಗೆ ಈ ಕಥೆಯ ನಾಯಕ ರೈಫಲ್ಲೂ ಅಲ್ಲ, ರಿವಾಲ್ವರೂ ಅಲ್ಲ, ಈ ಕೇಪು.

ಇಂಗ್ಲೆಂಡಿನ ಬಾಕ್ಸರ್, ಅಮೆರಿಕದ ಬರ್ಡನ್ ಎಂಬ ಇಬ್ಬರು ಸೈನ್ಯಾಧಿಕಾರಿಗಳು 1866ರ ಸುಮಾರಿಗೆ ಎರಡು ಬಗೆಯ ಕೇಪು ಮಾಡಿದರು. ಬರ್ಡನ್‌ನ ತೋಟಾದಲ್ಲಿ ಬೆಂಕಿ ಹಾಯಲು ಪಕ್ಕದಲ್ಲಿ ಎರಡು ಸಣ್ಣ ತೂತು, ಬಾಕ್ಸರ್‌ನದರಲ್ಲಿ ನಡುವೆ ಒಂದೇ. ಒಂದೇ ತೂತಾದರೆ ಒಳಗಿನಿಂದ ಕಡ್ಡಿ ಇಟ್ಟು ತಟ್ಟಿದರೆ ಸಾಕು, ಸುಟ್ಟ ಕೇಪು ಉದುರುತ್ತದೆ. ತಮಾಷೆಯೆಂದರೆ ಇಂಗ್ಲಿಷಿನವನ ಕೇಪು ಅಮೆರಿಕದಲ್ಲಿ ನೆಲೆಸಿತು, ಅಮೆರಿಕದವನದು ಯೂರೋಪಿಗೆ ಹೋಯಿತು. ರೈಲ್ವೆ ಸ್ಟೇಷನ್ನಿನಿಂದ ದಿನಗಟ್ಟಲೆ ದೂರವಿದ್ದ ರೈತನಿಗೆ, ಬೇಟೆಗಾರನಿಗೆ ಖಾಲಿ ಹಿತ್ತಾಳೆ ಎಸೆಯುವ ವಸ್ತುವಲ್ಲ. ವಿಂಚೆಸ್ಟರ್ ಕಂಪನಿಯೇ 1870ರ ದಶಕದಲ್ಲಿ ತೋಟಾ ತುಂಬುವ ಕೈಸಾಧನ ಮಾರತೊಡಗಿತು. ನೋಡಲು ಇಕ್ಕಳದಂತೆ ಎರಡು ಹಿಡಿ. ಸೀಸ ಕರಗಿಸಿ ಅಚ್ಚಿಗೆ ಹೊಯ್ಯುವುದು, ಗುಂಡಿನ ಗೀರುಗಳಿಗೆ ಕೊಬ್ಬು, ಜೇನುಮೇಣ ಬಳಿಯುವುದು, ಮದ್ದನ್ನು ಅಳೆದು ತುಂಬಿ ಗುಂಡು ಕೂರಿಸಿ ಬಾಯಿ ಅದುಮುವುದು. ರಾತ್ರಿ ದೀಪದ ಬೆಳಕಿನ ಕಸುಬು.

ಈ ಮದ್ದಿನ ಮೊದಲ ನಿಯಮ, ತೋಟಾದೊಳಗೆ ಗಾಳಿಗೆ ಜಾಗ ಇರಕೂಡದು. ಗುಂಡು ಮದ್ದಿನ ಮೇಲೆ ಒತ್ತಿ ಕೂತಿರಬೇಕು. ಲಿವರ್ ರೈಫಲ್ಲಿಗೆ ಇದರಿಂದ ಇನ್ನೊಂದು ಅನುಕೂಲ. ಅದರ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ರೈಲು ಡಬ್ಬಿಗಳಂತೆ ಒಂದರ ಹಿಂದೊಂದು ನಿಂತಿರುತ್ತವೆ, ಮುಂದಿನಿಂದ ಸ್ಪ್ರಿಂಗ್ ಒತ್ತುತ್ತದೆ. ಆ ಒತ್ತಡಕ್ಕೆ ಗುಂಡು ಒಳಗೆ ಜಾರದಂತೆ ಹಿಡಿಯುವುದು ಕೆಳಗಿನ ಮದ್ದೇ. ಒಂದರ ಮೂತಿ ಇನ್ನೊಂದರ ಕೇಪಿಗೆ ತಾಗುವುದರಿಂದ ಗುಂಡಿನ ಮೂತಿಯೂ ಚಪ್ಪಟೆ, ಚೂಪಾಗಿದ್ದರೆ ಅನಾಹುತ.

ಕೆಲವೇ ವರ್ಷದಲ್ಲಿ ಕೋಲ್ಟ್ ಕಂಪನಿ 44-40ಕ್ಕೆಂದೇ ರಿವಾಲ್ವರ್ ಮಾಡಿತು. ಸೊಂಟದ್ದಕ್ಕೂ ಹೆಗಲಿನದ್ದಕ್ಕೂ ಒಂದೇ ತೋಟಾ, ಒಂದೇ ಅಚ್ಚು, ಒಂದೇ ಅಳತೆ. ಸಿನಿಮಾದಲ್ಲಿ ಕಾಣುವಂತೆ ಎಲ್ಲವೂ ಎಲ್ಲದಕ್ಕೂ ಹೊಂದುತ್ತಿತ್ತು ಎಂದುಕೊಳ್ಳಬೇಡಿ. ಕೋಲ್ಟ್‌ನ ಪ್ರಖ್ಯಾತ .45 ತೋಟಾಕ್ಕೆ ಆ ಕಾಲದ ಒಂದು ವಿಂಚೆಸ್ಟರ್ ರೈಫಲ್ಲೂ ಬರಲಿಲ್ಲ. ಆ ತೋಟಾದ ಬುಡದ ಅಂಚು ತೀರ ಕಿರಿದು, ಖಾಲಿಯಾದದ್ದನ್ನು ಹೊರಗೆಳೆಯುವ ಕೊಕ್ಕೆಗೆ ಹಿಡಿತ ಸಾಲದು.

ಹೊಗೆಯ ವಿಷಯ ಹೇಳಲೇಬೇಕು. ಸುಟ್ಟ ಕರಿಮದ್ದಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗುವುದೇ ಇಲ್ಲ, ಗಟ್ಟಿ ಮಸಿಯಾಗಿ ಉಳಿಯುತ್ತದೆ. ಹತ್ತಿಪ್ಪತ್ತು ಈಡಿಗೆಲ್ಲ ರಿವಾಲ್ವರಿನ ಸಿಲಿಂಡರ್ ತಿರುಗಲು ಹಟ ಹಿಡಿಯಬಹುದು. ಮಸಿ ತೇವ ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತದೆ, ಅದಕ್ಕೇ ಬಿಸಿನೀರು ಹೊಯ್ದು ತೊಳೆಯುವ ಶಾಸ್ತ್ರ. 44-40ರ ಬಾಯಿಯ ಹಿತ್ತಾಳೆ ತೆಳು. ಸಿಡಿದಾಗ ಹಿಗ್ಗಿ, ತೋಟಾ ಕೂರುವ ಗೂಡಿಗೆ ಅಂಟಿಕೊಂಡು ಮಸಿ ಹಿಂದಕ್ಕೆ ಬಾರದಂತೆ ತಡೆಯುತ್ತದೆ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಹೊಗೆಯಿಲ್ಲದ ಮದ್ದು ಮಾಡಿದ. ಹತ್ತು ಹದಿನೈದು ವರ್ಷದಲ್ಲಿ ಕರಿಮದ್ದು ಹಿಂದೆ ಸರಿಯಿತು. ಅದು ಮತ್ತೆ ಸದ್ದು ಮಾಡಿದ್ದು ಆಟದ ಅಂಗಳದಲ್ಲಿ. ಕೌಬಾಯ್ ವೇಷ ತೊಟ್ಟು ಗುರಿ ಹೊಡೆಯುವ ಸ್ಪರ್ಧೆಗಾಗಿ ಕ್ಯಾಲಿಫೋರ್ನಿಯಾದಲ್ಲಿ 1987ರಲ್ಲಿ ಒಂದು ಸಂಘವೇ ಹುಟ್ಟಿತು, ಅಲ್ಲಿ ಕರಿಮದ್ದಿನ ತೋಟಾದವರಿಗೆ ಬೇರೆಯೇ ವಿಭಾಗವಿದೆ. ಇಂದಿನ ಹಿತ್ತಾಳೆಯ ಬುಡ ಹಳೆಯದಕ್ಕಿಂತ ದಪ್ಪ, ಬಲ, ಒಳಗಿನ ಜಾಗ ಮಾತ್ರ ಕಡಿಮೆ. ಗಟ್ಟಿಯಾಗಿ ಅದುಮದೆ ನಲವತ್ತು ಗ್ರೇನ್ ಹಿಡಿಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಯ ತೋಟಾದಲ್ಲಂತೂ ಹೊಗೆಯಿಲ್ಲದ ಮದ್ದಿನ ಕೆಲವೇ ಗ್ರೇನ್ ಇರುತ್ತದೆ. ಪೆಟ್ಟಿಗೆಯ ಮೇಲೆ ಇವತ್ತಿಗೂ ಅಚ್ಚಾಗುವುದು 44-40 ಎಂದೇ.